ಕೊಟ್ಟ ಮಾತು, ಮುರಿದ ನಂಬಿಕೆ: ಜಿಲ್ ವಿಲ್ನೆವ್

67 ರೇಸ್‌ಗಳು, ಆರು ಗೆಲುವು. ಅಂಕಿಅಂಶಗಳನ್ನಷ್ಟೇ ನೋಡಿದರೆ ಕೆನಡಾದ ಜಿಲ್ ವಿಲ್ನೆವ್ ಅವರ ಫಾರ್ಮುಲಾ ಒನ್ ಸಾಧನೆ ಅಸಾಧಾರಣವೇನಲ್ಲ. ವಿಶ್ವ ಚಾಂಪಿಯನ್ ಪಟ್ಟವೂ ಅವರಿಗೆ ಒಲಿಯಲಿಲ್ಲ. ಆದರೂ ಒಂದೇ ತಂಡದ ಇಬ್ಬರು ಚಾಲಕರಲ್ಲಿ ಒಬ್ಬನಿಗೆ ಮಣೆ ಹಾಕುವುದು ಸರಿಯೇ ಎಂಬ ಚರ್ಚೆ ಎದ್ದಾಗ ಅವರ ಹೆಸರು ಮುನ್ನೆಲೆಗೆ ಬರುತ್ತದೆ.

1950ರ ಜನವರಿ 18ರಂದು ಕ್ವಿಬೆಕ್ ಪ್ರಾಂತ್ಯದಲ್ಲಿ, ಪಿಯಾನೋಗಳಿಗೆ ಶ್ರುತಿ ಕೂಡಿಸುವ ವೃತ್ತಿಯಲ್ಲಿದ್ದವರ ಮಗನಾಗಿ ವಿಲ್ನೆವ್ ಜನಿಸಿದರು. ವೇಗದ ಮೊದಲ ಪಾಠ ಕಲಿತದ್ದು ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲಿ. 1976ರಲ್ಲಿ ಟ್ರುವಾ ರಿವಿಯೇರ್ ರೇಸಿನಲ್ಲಿ ಜೇಮ್ಸ್ ಹಂಟ್ ಅವರನ್ನು ಹಿಂದಿಕ್ಕಿದ್ದು ಅವರ ಅದೃಷ್ಟ ಬದಲಿಸಿತು. 1977ರಲ್ಲಿ ಮೆಕ್‌ಲಾರೆನ್ ಕಾರಿನಲ್ಲಿ ಒಂದು ರೇಸ್ ಓಡಿದ ಅವರನ್ನು ಎಂಜೋ ಫೆರಾರಿ ತಮ್ಮ ತಂಡಕ್ಕೆ ಕರೆಸಿಕೊಂಡರು. ಮರುವರ್ಷ ತವರಿನ ಮಾಂಟ್ರಿಯಲ್‌ನಲ್ಲೇ ಮೊದಲ ಜಯ ದೊರೆಯಿತು.

1979ರಲ್ಲಿ ಅವರಿಗೆ ಜೊತೆಯಾದವರು ದಕ್ಷಿಣ ಆಫ್ರಿಕಾದ ಜೋಡಿ ಶೆಕ್ಟರ್. ಆ ಸಾಲಿನಲ್ಲಿ ಇಬ್ಬರೂ ತಲಾ ಮೂರು ರೇಸ್ ಗೆದ್ದರು. ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಜಾದಲ್ಲಿ ಶೆಕ್ಟರ್ ಗೆದ್ದರೆ ಪಟ್ಟ ಖಚಿತವೆಂಬ ಸ್ಥಿತಿ. ವಿಲ್ನೆವ್ ಅವರಿಗೂ ಅವಕಾಶ ಮುಗಿದಿರಲಿಲ್ಲ. ಆದರೂ ಅವರು ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಿಂಬಾಲಿಸಿ ಎರಡನೆಯವರಾಗಿಯೇ ಗುರಿ ಮುಟ್ಟಿದರು. ಋತುವಿನ ಕೊನೆಗೆ ಶೆಕ್ಟರ್ 51, ವಿಲ್ನೆವ್ 47 ಅಂಕ. ಉಳಿದ ಫಲಿತಾಂಶಗಳು ಹಾಗೆಯೇ ಇದ್ದು ಮೊಂಜಾದ ಸ್ಥಾನಗಳು ಮಾತ್ರ ಅದಲುಬದಲಾಗಿದ್ದರೆ ಲೆಕ್ಕ 48-50 ಆಗಿ, ಪಟ್ಟ ವಿಲ್ನೆವ್ ಪಾಲಾಗುತ್ತಿತ್ತು. ತಂಡಕ್ಕೆ ನಿಷ್ಠರಾಗಿದ್ದರೆ ತಮ್ಮ ಸರದಿಯೂ ಬರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ಆ ನಂಬಿಕೆ ಮುರಿದದ್ದು 1982ರ ಏಪ್ರಿಲ್ 25ರಂದು, ಇಮೋಲಾದಲ್ಲಿ. ಹಲವು ತಂಡಗಳ ಬಹಿಷ್ಕಾರದಿಂದಾಗಿ ಕಣದಲ್ಲಿದ್ದದ್ದು 14 ಕಾರುಗಳು ಮಾತ್ರ. ಪ್ರಬಲ ಎದುರಾಳಿಗಳಾದ ಎರಡೂ ರೆನೋ ಕಾರುಗಳು ಕೆಟ್ಟು ನಿಂತಾಗ ಮುಂದಿದ್ದವರು ವಿಲ್ನೆವ್, ಅವರ ಬೆನ್ನಿಗೆ ಫೆರಾರಿಯ ಇನ್ನೊಬ್ಬ ಚಾಲಕ, ಫ್ರಾನ್ಸಿನ ಡಿಡಿಯೆ ಪಿರೋನಿ. ಪಿಟ್‌ನಿಂದ ನಿಧಾನಿಸುವಂತೆ ಫಲಕ ತೋರಿಸಲಾಯಿತು. ಇದ್ದ ಸ್ಥಾನದಲ್ಲೇ ಮುಗಿಸಬೇಕೆಂದು ವಿಲ್ನೆವ್ ಅದನ್ನು ಅರ್ಥೈಸಿದರು. ಕಾರು ಕಾಪಾಡಿಕೊಳ್ಳಲು ಹೇಳಿದ್ದೇ ಹೊರತು ಸ್ಥಾನ ಕಾಯ್ದುಕೊಳ್ಳಲು ಅಲ್ಲ ಎಂಬುದು ಪಿರೋನಿ ವಾದ. ಕೊನೆಯ ಸುತ್ತಿನಲ್ಲಿ ಟೋಸಾ ತಿರುವಿನಲ್ಲಿ ಮುನ್ನುಗ್ಗಿದ ಪಿರೋನಿ ರೇಸ್ ಗೆದ್ದರು. ಇನ್ನೆಂದೂ ಅವರೊಡನೆ ಮಾತನಾಡುವುದಿಲ್ಲವೆಂದು ವಿಲ್ನೆವ್ ಪಣ ತೊಟ್ಟರು.

ಹದಿಮೂರೇ ದಿನಗಳ ನಂತರ, ಮೇ 8ರಂದು, ಬೆಲ್ಜಿಯಂನ ಝೋಲ್ಡರ್‌ನಲ್ಲಿ ಅರ್ಹತಾ ಸುತ್ತು. ಪಿರೋನಿ ಅವರ ಸಮಯ ವಿಲ್ನೆವ್ ಅವರಿಗಿಂತ ತುಸು ಉತ್ತಮವಾಗಿತ್ತು. ಕೊನೆಯ ನಿಮಿಷಗಳಲ್ಲಿ ವಿಲ್ನೆವ್ ಅವರ ಕಾರು, ನಿಧಾನವಾಗಿ ಸಾಗುತ್ತಿದ್ದ ಜರ್ಮನಿಯ ಯೋಕೆನ್ ಮಾಸ್ ಅವರ ಕಾರಿಗೆ ಬಡಿದು ಗಾಳಿಗೆ ಚಿಮ್ಮಿತು. ಅಂದೇ ರಾತ್ರಿ ಅವರು ಕೊನೆಯುಸಿರೆಳೆದರು. ವಯಸ್ಸು 32.

ಅಂಕಪಟ್ಟಿಯಲ್ಲಿ ಮುಂದಿದ್ದ ಪಿರೋನಿ ಅದೇ ಆಗಸ್ಟ್‌ನಲ್ಲಿ ಹಾಕೆನ್‌ಹೈಮ್‌ನಲ್ಲಿ ಕಾಲುಗಳಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಮತ್ತೆ ಫಾರ್ಮುಲಾ ಒನ್ ರೇಸ್ ಓಡಲಿಲ್ಲ.

2002ರ ಆಸ್ಟ್ರಿಯಾ ರೇಸಿನಲ್ಲಿ ಬ್ಯಾರಿಕೆಲ್ಲೊ ಗೆಲುವನ್ನು ಶುಮಾಕರ್‌ಗೆ ಬಿಟ್ಟುಕೊಟ್ಟ ಬಳಿಕ ಇಂಥ ತಂಡದ ಆದೇಶಗಳಿಗೆ ನಿಷೇಧ ಬಿತ್ತು. ಗುಟ್ಟಿನ ಸಂದೇಶಗಳನ್ನು ತಡೆಯಲಾಗದೆ 2011ರಲ್ಲಿ ಅದು ತೆರವಾಯಿತು. ವಿಲ್ನೆವ್ ಬದುಕು ತೋರಿಸುವುದು ಬೇರೆಯೇ ಸತ್ಯ. ಶೆಕ್ಟರ್ ಮುಂದೆ ತಲೆಬಾಗಿದ್ದು ಅವರಿಗೆ ಅವಮಾನವೆನಿಸಲಿಲ್ಲ, ಏಕೆಂದರೆ ಕಟ್ಟಳೆ ಏನೆಂಬುದು ಇಬ್ಬರಿಗೂ ತಿಳಿದಿತ್ತು. ಇಮೋಲಾದಲ್ಲಿ ಒಂದೇ ಫಲಕಕ್ಕೆ ಎರಡು ಅರ್ಥ ಉಳಿಯಿತು. ಒಬ್ಬ ಚಾಲಕನಿಗೆ ಆದ್ಯತೆ ಕೊಡುವ ತಂಡ ಅದನ್ನು ರೇಸಿಗೆ ಮೊದಲೇ, ಇಬ್ಬರ ಎದುರಿನಲ್ಲೂ ಸ್ಪಷ್ಟವಾಗಿ ಹೇಳಬೇಕು. ಹೇಳಲಾಗದಿದ್ದರೆ ಇಬ್ಬರನ್ನೂ ಓಡಲು ಬಿಡುವುದೇ ಲೇಸು.