ರಸ್ತೆಯ ಎಡಬದಿ ಕಂಡವರು



ಕಳೆದ ವಾರ ಇದೇ ಗುಂಪಿಗೆ ನಾನೊಂದು ಸಂದೇಶ ಕಳಿಸಿದ್ದೆ. ಒಂದು ಬೌದ್ಧ ದೇಶದಲ್ಲಿ ಬಡವರೇ ಇಲ್ಲ, ಜೈಲುಗಳೆಲ್ಲ ಖಾಲಿ ಎಂದು ಅದರಲ್ಲಿತ್ತು. ಓದಿ ಖುಷಿಯಾಯಿತು, ಹಿಂದೆ ಮುಂದೆ ನೋಡದೆ ಫಾರ್ವರ್ಡ್ ಮಾಡಿದೆ. ಡಿಗ್ರಿ ಓದುತ್ತಿರುವ ನಮ್ಮ ಬಳಗದ ಹುಡುಗಿಯೊಬ್ಬಳು, ಇದನ್ನು ಕಣ್ಣಾರೆ ಕಂಡವರು ಯಾರು ಸರ್ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವನಿಗೆ ನಿಜಕ್ಕೂ ನಾಚಿಕೆಯಾಯಿತು. ಆ ರಾತ್ರಿ ನೆನಪಾದವರು ಭಿಕ್ಷು ಹ್ಯೂಯೆನ್ ತ್ಸಾಂಗ್.

ಅವರು ಹುಟ್ಟಿದ್ದು ಸುಮಾರು 602ರಲ್ಲಿ, ಚೀನಾದ ಲುವೊಯಾಂಗ್ ಬಳಿ. ಚಿಕ್ಕ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಆಗಲೇ ಭಿಕ್ಷುವಾಗಿದ್ದ ಅಣ್ಣನ ಹಿಂದೆ ವಿಹಾರ ಸೇರಿದರು. ಧರ್ಮಗ್ರಂಥಗಳ ಚೀನೀ ಅನುವಾದಗಳನ್ನು ಓದುತ್ತ ಹೋದಂತೆ ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುವುದು ಕಣ್ಣಿಗೆ ಬಿತ್ತು. ಗುರುಗಳು ಹೇಳುವುದೂ ಒಬ್ಬರದು ಒಂದು, ಇನ್ನೊಬ್ಬರದು ಮತ್ತೊಂದು. ಮೂಲವನ್ನೇ ನೋಡಬೇಕು, ಅದಿರುವ ನಾಡಿಗೇ ಹೋಗಬೇಕು ಎಂದು ನಿಶ್ಚಯಿಸಿದರು. ಆದರೆ ಗಡಿ ದಾಟಲು ಚಕ್ರವರ್ತಿಯ ಅಪ್ಪಣೆ ಇರಲಿಲ್ಲ. ಅವರು ಸೇನಾಪತಿಯಲ್ಲ, ರಾಯಭಾರಿಯಲ್ಲ, ಕೇವಲ ಒಬ್ಬ ಪ್ರಜೆ. 629ರ ಹೊತ್ತಿಗೆ ಕದ್ದು ಹೊರಟರು.

ಗಡಿಯ ಊರಿಗೆ ಅವರನ್ನು ಹಿಡಿಯುವ ಆಜ್ಞೆ ಬಂದಿತ್ತು. ಅಲ್ಲಿನ ಅಧಿಕಾರಿ ಬುದ್ಧನ ಉಪಾಸಕ, ಆ ಕಾಗದವನ್ನು ಅವರೆದುರೇ ಹರಿದುಹಾಕಿದ. ಮುಂದೆ ಮರುಭೂಮಿ. ದಾರಿ ತೋರಿಸಲು ಬಂದವನು ನಡುವೆಯೇ ಕೈಬಿಟ್ಟ. ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ಸ್ವಲ್ಪ ದೂರ ವಾಪಸು ನಡೆದವರು ನಿಂತು, ಮತ್ತೆ ಪಶ್ಚಿಮಕ್ಕೇ ತಿರುಗಿದರು. ನಾಲ್ಕು ರಾತ್ರಿ, ಐದು ಹಗಲು ನೀರಿಲ್ಲ. ಅದನ್ನು ದಾಟಿದ ಮೇಲೆ ಹಿಮಪರ್ವತ, ಸಮರಕಂದ, ಬಾಮಿಯಾನ್. 2001ರಲ್ಲಿ ತಾಲಿಬಾನಿಗಳು ಒಡೆದರಲ್ಲ, ಆ ಎರಡು ದೊಡ್ಡ ಬುದ್ಧ ವಿಗ್ರಹಗಳನ್ನು ಅವರು ನಿಂತು ನೋಡಿ ಬರೆದಿಟ್ಟಿದ್ದಾರೆ.

ನಳಂದದಲ್ಲಿ ವೃದ್ಧ ಆಚಾರ್ಯ ಶೀಲಭದ್ರರ ಶಿಷ್ಯರಾಗಿ ವರ್ಷಗಟ್ಟಲೆ ಓದಿದರು. ಭಕ್ತಿಯಿಂದ ಬಂದವರಿಗೆ ಎಲ್ಲವೂ ಚೆಂದವಾಗಿ ಕಾಣಬಹುದಿತ್ತು. ಆದರೆ ಶ್ರಾವಸ್ತಿ ಪಾಳು ಬಿದ್ದಿದೆ ಎಂದೇ ಬರೆದರು, ಕಪಿಲವಸ್ತು ಬರಿದಾಗಿದೆ ಎಂದೇ ಬರೆದರು. ಕಂಚಿಯವರೆಗೆ ಬಂದು ಸಿಂಹಳಕ್ಕೆ ಹೋಗಲು ಕಾದಿದ್ದರು. ಅಲ್ಲಿಂದ ಬಂದ ಭಿಕ್ಷುಗಳು ಗಲಭೆ, ಬರಗಾಲ ಎಂದದ್ದರಿಂದ ಹೋಗಲಿಲ್ಲ. ಹಾಗಾಗಿ ಸಿಂಹಳದ ಬಗ್ಗೆ ಬರೆದದ್ದು ಕೇಳಿದ್ದು. 646ರಲ್ಲಿ ಸಿದ್ಧವಾದ ಅವರ ಗ್ರಂಥದಲ್ಲಿ 138 ದೇಶಗಳಿವೆ. ತಾನು ಕಂಡದ್ದು 110, ಕೇಳಿದ್ದು 28 ಎಂದು ಲೆಕ್ಕ ಬಿಡಿಸಿದ್ದಾರೆ. ಪವಾಡಗಳನ್ನೂ ಬರೆದಿದ್ದಾರೆ, ಅವನ್ನು ನಾನು ಒಪ್ಪುವುದಿಲ್ಲ. ಆದರೆ ಈ ಲೆಕ್ಕಕ್ಕೆ ಕೈಮುಗಿಯುತ್ತೇನೆ.

ನಮ್ಮ ಚಾಲುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದರು. ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮರೆಯದವರು, ಅವಮಾನವನ್ನೂ ಮರೆಯದವರು ಎಂದು ಕಂಡುಕೊಂಡರು. ಉತ್ತರದ ಹರ್ಷನಿಗೆ ಈ ರಾಜ ಮಣಿಯಲಿಲ್ಲ ಎಂದೂ ಬರೆದರು. ಹರ್ಷ ಅವರಿಗೆ ಆಶ್ರಯ ಕೊಟ್ಟ ದೊರೆ, ಆದರೂ ಮುಚ್ಚಿಡಲಿಲ್ಲ. 634ರ ಐಹೊಳೆ ಶಾಸನವೂ ಅದನ್ನೇ ಹೇಳುತ್ತದೆ.

ಶಾಲೆಯಲ್ಲಿ ನಾನು ಕಲಿತದ್ದು ಇಷ್ಟೇ. ಎಂ.ಎ. ಮುಗಿಸಿದ ಎಷ್ಟೋ ವರ್ಷಗಳ ಮೇಲೆ ಓದಿದ್ದು ಬೇರೊಂದು ಸಾಲು. ಕಟುಕರು, ಮೀನುಗಾರರು, ಆಟ ಆಡಿಸುವವರು, ಗಲ್ಲಿಗೇರಿಸುವವರು, ಜಾಡಮಾಲಿಗಳು ಊರ ಹೊರಗೆ ಇರಬೇಕು, ಅವರ ಮನೆಗೆ ಗುರುತು ಇರಬೇಕು, ಓಡಾಡುವಾಗ ರಸ್ತೆಯ ಎಡಬದಿಗೆ ಸರಿದು ಹೋಗಬೇಕು ಎಂದು ಅವರು ಬರೆದಿದ್ದಾರೆ. ಅರಮನೆ, ವಿಹಾರ, ಆನೆ, ಸೈನ್ಯ ಎಲ್ಲ ನೋಡಿದ ಪರದೇಶಿಯ ಕಣ್ಣು ಆ ಎಡಬದಿಗೂ ಹೋಯಿತಲ್ಲ! ಹೊಗಳುಭಟರ ಯಾವ ಪ್ರಶಸ್ತಿಯಲ್ಲೂ ನಮ್ಮವರ ನಡಿಗೆ ಇಲ್ಲ. ನನ್ನ ಅಜ್ಜ ಹೀಗೇ ಬದಿಗೆ ಸರಿದು ನಡೆದವರು. ಆ ಪುಟದ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತಿದ್ದೆ.

ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲ ಕುರಿತು ಬರೆದಾಗ, ಅಸ್ಪೃಶ್ಯತೆ ಯಾವಾಗ ಹುಟ್ಟಿತು ಎಂಬುದಕ್ಕೆ ಫಾಹಿಯಾನನನ್ನೂ ಈ ಭಿಕ್ಷುವನ್ನೂ ಸಾಕ್ಷಿಗೆ ಕರೆದರು. ಅಲ್ಲಿಯೂ ಆತುರಪಡಲಿಲ್ಲ. ಈ ಸಾಲು ತೀರಾ ಚಿಕ್ಕದು, ಇದೊಂದರಿಂದಲೇ ಖಚಿತ ತೀರ್ಮಾನ ಮಾಡಲಾಗದು ಎಂದು ಮೊದಲೇ ಹೇಳಿ, ಆಮೇಲೆ ತಮ್ಮ ವಾದ ಇಟ್ಟರು.

ಹ್ಯೂಯೆನ್ ತ್ಸಾಂಗ್ 645ರಲ್ಲಿ 657 ಗ್ರಂಥಗಳೊಂದಿಗೆ ತಾಯ್ನಾಡಿಗೆ ಮರಳಿದರು. ಚಕ್ರವರ್ತಿ ಮಂತ್ರಿ ಪದವಿ ಕೊಡಲು ಬಂದ, ಬೇಡವೆಂದು ಅನುವಾದಕ್ಕೆ ಕುಳಿತರು. ಬರುವಾಗ ಸಿಂಧೂ ನದಿಯಲ್ಲಿ ಕೆಲವು ಹಸ್ತಪ್ರತಿಗಳು ಕೊಚ್ಚಿಹೋಗಿದ್ದವು. ವರ್ಷಗಳ ಮೇಲೂ ಅವುಗಳ ಪಟ್ಟಿ ಮಾಡಿ, ಮತ್ತೆ ಕಳಿಸಿಕೊಡಿ ಎಂದು ಭಾರತಕ್ಕೆ ಪತ್ರ ಬರೆದರು. 664ರಲ್ಲಿ ತೀರಿಕೊಂಡರು.

ಕಳೆದ ವಾರದ ಆ ಸಂದೇಶವನ್ನು ಅಳಿಸಲು ಹೋದೆ, ಸಮಯ ಮೀರಿತ್ತು. ಅದರ ಕೆಳಗೆ, ಇದು ನಾನು ಕೇಳಿದ್ದು, ಕಂಡದ್ದಲ್ಲ ಎಂದು ಬರೆದಿದ್ದೇನೆ. ನನ್ನಿಂದ ಪಡೆದು ಬೇರೆ ಗುಂಪುಗಳಿಗೆ ಕಳಿಸಿದವರು ದಯವಿಟ್ಟು ಅಲ್ಲಿಯೂ ಈ ಸಾಲು ಸೇರಿಸಿ.

ಜೈ ಭೀಮ್.