55 ವೋಟಿಗೆ ಸೋತ ಕಮಲಾದೇವಿ: ಫ್ಲೆಕ್ಸ್ ಇಲ್ಲದ ಕಾಲದಲ್ಲಿ ವೋಟು ಕೇಳಿದ ಹೆಣ್ಣುಮಗಳು

ಬಳ್ಳಾರಿ: ಎಲೆಕ್ಷನ್ ಡೇಟ್ ಅನೌನ್ಸ್ ಆಗೋದಕ್ಕೂ ಎಷ್ಟೋ ಮುಂಚೆ ಟಿಕೆಟ್ ಆಕಾಂಕ್ಷಿಗಳ ಓಡಾಟ ಶುರುವಾಗುತ್ತದೆ. ಬಳ್ಳಾರಿಯ ರಾಯಲ್ ಸರ್ಕಲ್‌ನಿಂದ ಸಿರುಗುಪ್ಪ ಬಸ್ ಸ್ಟ್ಯಾಂಡ್ ತನಕ ಹುಟ್ಟುಹಬ್ಬದ ಫ್ಲೆಕ್ಸು, ಹಬ್ಬದ ಶುಭಾಶಯದ ಫ್ಲೆಕ್ಸು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆ ಬಂತೆಂದರೆ ಭಕ್ತರಿಗೆ ಸ್ವಾಗತ ಕೋರುವವರೇ ಹತ್ತಾರು ಮಂದಿ. ಮೊದಲು ಪಕ್ಷದ ಮುಖಂಡರ ಕಣ್ಣಿಗೆ ಬೀಳಬೇಕು, ವೋಟರ್ ಕಣ್ಣಿಗೆ ಆಮೇಲೆ. ವಾರ್ಡು ಮಹಿಳಾ ಮೀಸಲು ಆದರೆ ಫ್ಲೆಕ್ಸ್‌ನಲ್ಲಿ ಒಂದು ಫೋಟೊ ಜಾಸ್ತಿ ಇರುತ್ತದೆ. ಅದು ಅಭ್ಯರ್ಥಿಯ ಗಂಡನದು. ಕೆಲವು ಕಡೆ ಗಂಡನ ಫೋಟೊನೇ ದೊಡ್ಡದು.

ಈ ದೇಶದಲ್ಲಿ ಶಾಸನಸಭೆಯ ಸೀಟಿಗೆ ನಿಂತ ಮೊದಲ ಮಹಿಳೆ ಅಂತ ಇತಿಹಾಸದಲ್ಲಿ ಹೆಸರಾದವರಿಗೆ ಇದ್ಯಾವುದೂ ಇರಲಿಲ್ಲ. ಆಕೆ ಕನ್ನಡ ನೆಲದವರೇ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ನಿಂತಿದ್ದು 1926ರಲ್ಲಿ, ಮದ್ರಾಸ್ ಪ್ರಾಂತ್ಯದ ಕೌನ್ಸಿಲ್‌ಗೆ. ಬಳ್ಳಾರಿಯವರಿಗೆ ಇದೇನು ಪರವೂರಿನ ಕಥೆಯಲ್ಲ. ಆಗ ಮಂಗಳೂರೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಬಳ್ಳಾರಿ ಜಿಲ್ಲೆಯೂ ಅದರಲ್ಲೇ ಇತ್ತು. ಸಿರುಗುಪ್ಪ, ಕುರುಗೋಡಿನ ಜನಕ್ಕೂ ಅದೇ ಕೌನ್ಸಿಲ್ಲು, ಅದೇ ಕಾನೂನು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ಮಗಳಿಗೆ ಏಳು ವರ್ಷ ಇದ್ದಾಗಲೇ ತೀರಿಹೋದರು, ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಸಿಗುತ್ತಿದ್ದದ್ದು ತಿಂಗಳಿಗಿಷ್ಟು ಅಂತ ಜೀವನಾಂಶ ಮಾತ್ರ. ಆ ತಾಯಿ ಅದನ್ನೂ ಬೇಡ ಅಂದುಬಿಟ್ಟರು. ತವರಿನಿಂದ ಬಂದದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ಮನೆ, ಜಮೀನು ಇದ್ದೂ ಹೆಣ್ಣಿಗೆ ಏನೂ ಇಲ್ಲ ಅನ್ನೋದನ್ನು ಹುಡುಗಿ ಆ ವಯಸ್ಸಿಗೇ ಕಂಡಳು. ಮುಂದಿನ ಎಲೆಕ್ಷನ್ ಕಥೆಗೆ ಈ ಆಸ್ತಿ ವಿಷಯ ಬೇಕಾಗುತ್ತದೆ, ನೆನಪಿರಲಿ.

14ಕ್ಕೆ ಮದುವೆ ಮಾಡಿದರು. ಎರಡೇ ವರ್ಷದಲ್ಲಿ ಗಂಡ ತೀರಿಕೊಂಡರು. ಆ ಕಾಲದ ವಿಧವೆಯ ಹಾಗೆ ಮೂಲೆಯಲ್ಲಿ ಕೂರದೆ ಮದ್ರಾಸಿಗೆ ಹೋಗಿ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಪರಿಚಯವಾದವರು ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯ. ವಿಧವಾ ವಿವಾಹ, ಅದೂ ಬೇರೆ ಜಾತಿ, ಬೇರೆ ಭಾಷೆಯವರ ಜೊತೆ. ಊರೆಲ್ಲ ಆಡಿಕೊಂಡಿತು. ಸಾಲದ್ದಕ್ಕೆ ಆಕೆ ನಾಟಕದಲ್ಲಿ ಪಾರ್ಟು ಮಾಡಿದರು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ರಂಗ ಹತ್ತಬಾರದು ಅನ್ನುತ್ತಿದ್ದ ಕಾಲ ಅದು. ನಮ್ಮ ಬಳ್ಳಾರಿ ರಾಘವರು ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಅಂತ ಹಟ ಹಿಡಿದು ಬೈಗುಳ ತಿಂದದ್ದೂ ಇದೇ ತಲೆಮಾರಿನಲ್ಲಿ. ಮುಂದೆ 1931ರಲ್ಲಿ ಬಂದ ಮೂಕಿ ಚಿತ್ರ ಮೃಚ್ಛಕಟಿಕದಲ್ಲೂ ಕಮಲಾದೇವಿ ಕಾಣಿಸಿಕೊಂಡರು.

ಈಗ ಎಲೆಕ್ಷನ್ ವಿಷಯಕ್ಕೆ ಬರೋಣ. ಮದ್ರಾಸ್ ಪ್ರಾಂತ್ಯದಲ್ಲಿ ಹೆಂಗಸರಿಗೆ ವೋಟು ಸಿಕ್ಕಿದ್ದು 1921ರಲ್ಲಿ. ಆದರೆ ಗಂಡಸಾಗಲಿ ಹೆಂಗಸಾಗಲಿ, ಆಸ್ತಿ ಇದ್ದು ತೆರಿಗೆ ಕಟ್ಟುವವರಿಗೇ ವೋಟು. ಇವತ್ತಿನ ಲೆಕ್ಕದಲ್ಲಿ ಹೇಳೋದಾದರೆ ಅಂಗಡಿ ಮಾಲೀಕನಿಗೆ ವೋಟು, ಮೂಟೆ ಹೊರುವ ಹಮಾಲಿಗೆ ಇಲ್ಲ. ಹೆಂಗಸರ ಹೆಸರಿನಲ್ಲಿ ಆಸ್ತಿ ಇರೋದೇ ಅಪರೂಪ, ಹಾಗಾಗಿ ಪಟ್ಟಿಯಲ್ಲಿ ಹೆಂಗಸರು ಬೆರಳೆಣಿಕೆ. ಎಲೆಕ್ಷನ್‌ಗೆ ನಿಲ್ಲಬಹುದು ಅಂತ ಬಾಗಿಲು ತೆರೆದದ್ದು 1926ರಲ್ಲಿ, ಅದೂ ಚುನಾವಣೆ ಹತ್ತಿರ ಬಂದಿದ್ದಾಗ.

ಕಮಲಾದೇವಿಗೆ ನಿಲ್ಲು ಅಂತ ಬೆನ್ನು ತಟ್ಟಿದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡ್‌ನ ಹೆಣ್ಣುಮಗಳು, ತನ್ನ ದೇಶದಲ್ಲೂ ವೋಟಿನ ಹಕ್ಕಿಗೆ ಹೋರಾಡಿ ಜೈಲು ಕಂಡವರು. ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿಗೆ ಮುಖ್ಯಸ್ಥೆಯಾಗಿದ್ದ ಕಾರಣ ಆ ಊರು ಅವರಿಗೆ ಗೊತ್ತಿತ್ತು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಕಮಲಾದೇವಿಗೆ ಆಗ 23 ವರ್ಷ.

ಅಷ್ಟು ದಿನದಲ್ಲಿ ಏನು ಮಾಡೋಕೆ ಆಗುತ್ತೆ? ಆದರೆ ಹೆಂಗಸೊಬ್ಬಳು ಉಮೇದುವಾರಿಕೆ ಹಾಕಿದ್ದಾಳೆ ಅನ್ನೋದೇ ದೊಡ್ಡ ಸುದ್ದಿ. ಇನ್ನೊಬ್ಬ ಅಭ್ಯರ್ಥಿ ದುಡ್ಡು ಸುರಿದು ಗಳಿಸಬೇಕಾದ ಹೆಸರು ಆಕೆಗೆ ಪುಕ್ಕಟೆ ಸಿಕ್ಕಿತು. ಎರಡನೇ ಮದುವೆ, ನಾಟಕ ಅಂತ ಊರು ಆಡಿಕೊಂಡಿದ್ದೂ ಒಂದು ಥರ ಪರಿಚಯವೇ ತಾನೇ. ಪುಕ್ಕಟೆ ಪ್ರಚಾರದ ತೊಂದರೆ ಏನೆಂದರೆ, ನೋಡೋಕೆ ಬಂದವರೆಲ್ಲ ವೋಟು ಹಾಕೋದಿಲ್ಲ. ಆಕೆಗಂತೂ ಇನ್ನೊಂದು ಕಷ್ಟ ಇತ್ತು. ಆಕೆಯ ಹೋರಾಟದಿಂದ ಯಾರಿಗೆ ಉಪಯೋಗವೋ ಅವರಲ್ಲಿ ಹೆಚ್ಚಿನವರ ಹೆಸರು ಪಟ್ಟಿಯಲ್ಲೇ ಇಲ್ಲ. ಗಂಡ ಸತ್ತಾಗ ಆಸ್ತಿ ಕಳಕೊಂಡ ತಾಯಿಯ ಮಗಳು, ಆಸ್ತಿವಂತ ಗಂಡಸರ ಹತ್ತಿರವೇ ವೋಟು ಕೇಳಬೇಕಾಯಿತು.

ಸೋತರು, ಬರೀ 55 ವೋಟಿನಿಂದ. ಒಂದು ಓಣಿಯ ಮನೆಗಳಷ್ಟು ಲೆಕ್ಕ. ಹೋಲಿಸಿ ನೋಡುವುದಾದರೆ, 1999ರಲ್ಲಿ ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರಾದಾಗ ಅಂತರ 56,100 ವೋಟು. ಆಗಲೂ ಸಮಯ ಕೆಲವೇ ವಾರ. ಸುಷ್ಮಾ ಅಷ್ಟರಲ್ಲೇ ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಇಲ್ಲಿನ ಹಿರಿಯರು ಇನ್ನೂ ಮಾತಾಡ್ತಾರೆ. ಆದರೆ ಅವರಿಬ್ಬರ ಹಿಂದೆ ದೊಡ್ಡ ಪಕ್ಷ, ಕಾರು, ಕ್ಯಾಮೆರಾ ಎಲ್ಲ ಇತ್ತು.

ಮರುವರ್ಷ, 1927ರಲ್ಲಿ, ಮದ್ರಾಸ್ ಕೌನ್ಸಿಲ್‌ನೊಳಗೆ ಮೊದಲ ಮಹಿಳೆಯಾಗಿ ಕೂತವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರು ಬಂದದ್ದು ಸರ್ಕಾರದ ನಾಮನಿರ್ದೇಶನದಿಂದ. ದೇವದಾಸಿ ಪದ್ಧತಿ ವಿರುದ್ಧ ಕಾನೂನಿಗಾಗಿ ಅವರು ಪಟ್ಟ ಪಾಡು ಬಳ್ಳಾರಿ ಸೀಮೆಗೂ ಸಂಬಂಧಪಟ್ಟದ್ದೇ. ವೋಟರ್ ಕೊಡದ ಜಾಗವನ್ನು ಸರ್ಕಾರ ಕೊಟ್ಟ ಹಾಗಾಯಿತು. ಕಮಲಾದೇವಿ ಅದೇ ವರ್ಷ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು.

ಜನರ ಕಣ್ಣು ಸೆಳೆಯೋದು ಹೇಗೆ ಅನ್ನೋದು ಆಕೆಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನೋದಕ್ಕೆ 1930ರ ಉಪ್ಪಿನ ಸತ್ಯಾಗ್ರಹ ನೋಡಬೇಕು. ದಂಡಿ ಯಾತ್ರೆಗೆ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಹೋಗಿ ವಾದ ಮಾಡಿ, ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಕೇಳಿದರು. ಮುಂಬೈ ಸಮುದ್ರ ದಂಡೆಯಲ್ಲಿ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಸೀದಾ ಷೇರು ಮಾರುಕಟ್ಟೆಯೊಳಗೆ ನುಗ್ಗಿ ಮಾರಿದರು. ದುಡ್ಡಿರುವ ದಲ್ಲಾಳಿಗಳು ಇರೋ ಜಾಗವೇ ಬೇಕಿತ್ತು. ಹೈಕೋರ್ಟಿಗೂ ಹೋಗಿ ಮ್ಯಾಜಿಸ್ಟ್ರೇಟರಿಗೇ ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಅಂತ ಕೇಳಿದರಂತೆ. ಬಂಧನ ಆಯಿತು, ಜೈಲೂ ಆಯಿತು. ಬಾವುಟ ಕಸಿಯಲು ಬಂದವರ ನೂಕಾಟದಲ್ಲಿ ತ್ರಿವರ್ಣ ಧ್ವಜವನ್ನು ಅಪ್ಪಿ ಹಿಡಿದು ಬಿಡದೇ ಇದ್ದದ್ದು ದೇಶಕ್ಕೆಲ್ಲ ಗೊತ್ತಾಯಿತು. 23ಕ್ಕೆ ತನಗಾಗಿ ವೋಟು ಕೇಳಿದವರು 27ಕ್ಕೆ ಉಪ್ಪು ಮಾರಿದರು. ಎರಡನೆಯದಕ್ಕೆ ಗಿರಾಕಿಗಳು ಜಾಸ್ತಿ ಬಂದರು.

ಸ್ವಾತಂತ್ರ್ಯ ಬಂದ ಮೇಲೆ ಇಂಥ ಹೆಸರಿದ್ದವರಿಗೆ ಟಿಕೆಟ್ ಕಷ್ಟ ಆಗುತ್ತಿರಲಿಲ್ಲ. ಆಕೆ ಮಂತ್ರಿ ಆಗಲಿಲ್ಲ. ದೇಶ ವಿಭಜನೆಯಲ್ಲಿ ಮನೆಮಠ ಕಳಕೊಂಡು ಬಂದವರಿಗೆ ಫರೀದಾಬಾದ್‌ನಲ್ಲಿ ಊರು ಕಟ್ಟುವ ಕೆಲಸಕ್ಕೆ ಇಳಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅದರ ಹೊಣೆ ಹೊತ್ತು ನೇಕಾರರು, ಕುಂಬಾರರು, ಕಸೂತಿಯವರ ಮಾಲಿಗೆ ಮಾರುಕಟ್ಟೆ ಹುಡುಕುತ್ತಾ ಊರೂರು ಸುತ್ತಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ ತೀರಿಕೊಂಡಾಗ 85 ವರ್ಷ.

ಆಕೆ ಕರಕುಶಲ ಮಂಡಳಿಗೆ ಬಂದ ಹೊತ್ತಿಗೆ ದೇಶದ ಮೊದಲ ಮಹಾಚುನಾವಣೆ ಮುಗಿದಿತ್ತು. ಬಳ್ಳಾರಿ ಇನ್ನೂ ಮದ್ರಾಸ್ ರಾಜ್ಯದಲ್ಲೇ ಇತ್ತು. ವೋಟಿಗೆ ಆಸ್ತಿಯ ಷರತ್ತು ಇರಲಿಲ್ಲ. ಸಿರುಗುಪ್ಪದ ಗದ್ದೆಗಳಲ್ಲಿ ಕೂಲಿಗೆ ಹೋಗುವ, ಹೆಸರಿಗೆ ಒಂದು ಸೆಂಟ್ ಜಾಗ ಇಲ್ಲದ ಹೆಂಗಸರ ಹೆಸರೂ ಪಟ್ಟಿಗೆ ಬರಬಹುದಾದ ಮೊದಲ ಎಲೆಕ್ಷನ್ ಅದು.