ಟಿಪ್ಪುವಿನ ಬಾಣಕ್ಕೊಂದು ಲೆಕ್ಕ

ಬಲ, ದ್ರವ್ಯರಾಶಿ, ವೇಗೋತ್ಕರ್ಷ ಎಂದ ಕೂಡಲೇ ನಮಗೆ ನೆನಪಾಗುವುದು ಘರ್ಷಣೆಯಿಲ್ಲದ ಮೇಜು, ಅದರ ಮೇಲೊಂದು ಮರದ ತುಂಡು. ಪಿಯುಸಿಯಿಂದ ಕ್ಯಾಂಪಸ್ ಇಂಟರ್‌ವ್ಯೂವರೆಗೆ ಅದೇ ತುಂಡು. ಚನ್ನಪಟ್ಟಣದವನಾದ ನನಗೆ ಇದಕ್ಕಿಂತ ರುಚಿಕರವಾದ ಉದಾಹರಣೆ ಸಿಕ್ಕಿದ್ದು ನಮ್ಮ ಸೀಮೆಯಲ್ಲೇ ಸೈನ್ಯ ನಡೆಸಿದ ಒಬ್ಬನ ಬದುಕಿನಲ್ಲಿ. ಆತ ಟಿಪ್ಪು ಸುಲ್ತಾನ್. ಅವನ ಆಳ್ವಿಕೆಯ ಬಗೆಗಿನ ವಾದ ಬೇರೆ ಪುಟಗಳಲ್ಲಿ ನಡೆಯುತ್ತಲೇ ಇದೆ. ನಾನು ಹಿಡಿದಿರುವುದು ಅವನ ರಾಕೆಟ್ಟಿನ ಎಳೆಯನ್ನು ಮಾತ್ರ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಹದಿಹರೆಯದಲ್ಲೇ ತಂದೆ ಹೈದರಾಲಿಯ ಜೊತೆ ಯುದ್ಧಭೂಮಿಗೆ ಇಳಿದ. ಬಾಣ ಎಂದು ಕರೆಯುತ್ತಿದ್ದ ರಾಕೆಟ್ ಅವರಿಗಿಂತ ಮುಂಚೆಯೂ ಇತ್ತು. ಮೈಸೂರಿನವರು ಮಾಡಿದ ಬದಲಾವಣೆ ಒಂದೇ: ಮದ್ದು ತುಂಬುವ ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು.

ಇಲ್ಲೊಂದು ಸಿಕ್ಕು ಇದೆ. ಕಬ್ಬಿಣ ಭಾರ. ಅಷ್ಟೇ ಬಲಕ್ಕೆ ದ್ರವ್ಯರಾಶಿ ಹೆಚ್ಚಿದರೆ ವೇಗೋತ್ಕರ್ಷ ಇಳಿಯಲೇಬೇಕು. ಹಾಗಾದರೆ ಕಬ್ಬಿಣ ಹಾಕಿದ್ದರಿಂದ ನಷ್ಟವಾಗಬೇಕಿತ್ತಲ್ಲ? ಆಗಲಿಲ್ಲ. ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ಜಡಿದರೆ ಒಳಗಿನ ಒತ್ತಡಕ್ಕೆ ಕೊಳವೆಯೇ ಸಿಡಿಯುತ್ತದೆ. ಕಬ್ಬಿಣ ತಡೆದುಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ಹಿಂದಿನಿಂದ ಜೋರಾಗಿ ನುಗ್ಗುತ್ತದೆ, ಮುಂದೆ ತಳ್ಳುವ ಬಲವೂ ಹೆಚ್ಚುತ್ತದೆ. ದ್ರವ್ಯರಾಶಿ ಹೆಚ್ಚಿದ ಪ್ರಮಾಣಕ್ಕಿಂತ ಬಲ ಹೆಚ್ಚಿದ ಪ್ರಮಾಣ ದೊಡ್ಡದಾದ್ದರಿಂದ ರಾಕೆಟ್ ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತಿತ್ತು. ದಿಕ್ಕು ತಪ್ಪದಿರಲೆಂದು ಉದ್ದನೆಯ ಬಿದಿರು ಕಟ್ಟುತ್ತಿದ್ದರು.

ಇನ್ನೂ ಒಂದು ಸ್ವಾರಸ್ಯ. ಲೆಕ್ಕಕ್ಕೆಂದು 4 ಕೆ.ಜಿ. ರಾಕೆಟ್, ಅದರಲ್ಲಿ 1 ಕೆ.ಜಿ. ಮದ್ದು, ತಳ್ಳುವ ಬಲ ಒಂದೇ ಸಮನೆ 200 ನ್ಯೂಟನ್ ಎಂದಿಟ್ಟುಕೊಳ್ಳಿ. ಗುರುತ್ವ, ಗಾಳಿಯ ತಡೆ ಸದ್ಯಕ್ಕೆ ಬೇಡ. ಹೊರಡುವಾಗ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 50 ಮೀಟರ್. ಮದ್ದು ಮುಗಿಯುವ ಹೊತ್ತಿಗೆ ಉಳಿದದ್ದು 3 ಕೆ.ಜಿ., ವೇಗೋತ್ಕರ್ಷ ಸುಮಾರು 67. ಬಲ ಒಂದಿಷ್ಟೂ ಹೆಚ್ಚಿಲ್ಲ, ತೂಕ ಕಳೆದುಕೊಂಡದ್ದೇ ಲಾಭ. ಮೇಜಿನ ಮೇಲಿನ ಮರದ ತುಂಡು ಇದನ್ನು ಎಂದಿಗೂ ಹೇಳಿಕೊಡುವುದಿಲ್ಲ. ಅಲ್ಲಿ ದ್ರವ್ಯರಾಶಿ ಬದಲಾಗುವುದೇ ಇಲ್ಲ!

1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಸೋತಿತು. ರಾಕೆಟ್ ತಗುಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸ್ಫೋಟಗೊಂಡವು ಎನ್ನುತ್ತಾರೆ. 1782ರಲ್ಲಿ ಹೈದರ್ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಟಿಪ್ಪು, ಕುಶೂನ್ ಎಂಬ ಪ್ರತಿ ದಳದಲ್ಲೂ 200 ರಾಕೆಟ್ ಸಿಪಾಯಿಗಳನ್ನಿಟ್ಟ. ನಮ್ಮೂರಿನ ಬೊಂಬೆ ಕೆಲಸಕ್ಕೆ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದವನೂ ಅವನೇ ಎಂಬ ಮಾತು ಚನ್ನಪಟ್ಟಣದಲ್ಲಿ ಇವತ್ತಿಗೂ ಇದೆ. ರಾಮನಗರ ಆಗ ಶಂಷೇರಾಬಾದ್.

ಆಮೇಲೆ ಯುದ್ಧ ನಮ್ಮ ಬಾಗಿಲಿಗೇ ಬಂತು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು, ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ದಾರಿಯಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ಶತ್ರುವಿಗೆ ಏನೂ ಸಿಗಬಾರದೆಂದು ಟಿಪ್ಪು ದಾರಿಯ ಊರುಗಳನ್ನೇ ಬರಿದು ಮಾಡಿಸಿದ. ಕನಕಪುರ ಅವನ ಕೈಯಲ್ಲೇ ಹಾಳಾಯಿತು. ಯುದ್ಧತಂತ್ರವೆಂದು ಪುಸ್ತಕ ಬರೆಯುತ್ತದೆ, ಆದರೆ ಮನೆ ಕಳೆದುಕೊಂಡವರು ಈ ಕಡೆಯವರೇ. ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಬಿತ್ತು. ಅದರ ಹಿಂದೆಯೇ ರಾಮನಗರದ ರಾಮಗಿರಿ, ಶಿವನಗಿರಿ.

ಸಾವನದುರ್ಗದ ಗೋಡೆ ಒಡೆದದ್ದು ಭಾರಿ ಫಿರಂಗಿಗಳು. ಕಾಡಿನೊಳಗೆ ದಾರಿ ಕಡಿದು ಅವನ್ನು ಎಳೆದು ತರಬೇಕಾಯಿತು. ಫಿರಂಗಿ ಅಷ್ಟು ಭಾರ ಇರಲೇಬೇಕು. ಗುಂಡು ಮುಂದೆ ಹಾರಿದಾಗ ಅಷ್ಟೇ ಬಲ ಫಿರಂಗಿಯನ್ನು ಹಿಂದಕ್ಕೆ ಒದೆಯುತ್ತದೆ. ದ್ರವ್ಯರಾಶಿ ಹೆಚ್ಚಿದ್ದರೆ ಮಾತ್ರ ಆ ಒದೆತದ ವೇಗೋತ್ಕರ್ಷ ಸಣ್ಣದಾಗಿ ಉಳಿಯುತ್ತದೆ. ರಾಕೆಟ್ಟಿಗೆ ಆ ತಾಪತ್ರಯವಿಲ್ಲ, ಸಿಪಾಯಿ ಕೈಯಲ್ಲೇ ಹೊತ್ತೊಯ್ಯಬಹುದು. ಆದರೆ ಕಲ್ಲಿನ ಗೋಡೆಯ ಮುಂದೆ ಅದು ಏನೂ ಅಲ್ಲ.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಹೋರಾಡುತ್ತಲೇ ಸತ್ತ. ಶಂಷೇರಾಬಾದ್, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಭೂವಿಜ್ಞಾನಿಗಳು ನಮ್ಮ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

ನನ್ನನ್ನು ಕಾಡಿದ್ದು ಇದರ ಮುಂದಿನ ಕಥೆ. ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿನ ವುಲ್‌ವಿಚ್ ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಹೋಲುವ ಹೊಸ ರಾಕೆಟ್‌ಗಳನ್ನು ಮಾಡಿ, ಸುಟ್ಟು, ಅಳೆದು, ಮತ್ತೆ ತಿದ್ದಿ ಸುಟ್ಟ. ಒದೆತವಿಲ್ಲದ ಕಾರಣ ಅವನ್ನು ಸಣ್ಣ ದೋಣಿಗಳಿಂದಲೂ ಹಾರಿಸಿದರು. 1813ರಲ್ಲಿ ಅದೇ ವುಲ್‌ವಿಚ್ಚಿನ ವಿಲಿಯಂ ಮೂರ್ ಎಂಬ ಗಣಿತದ ಮೇಷ್ಟ್ರು ನ್ಯೂಟನ್ನನ ನಿಯಮಗಳನ್ನು ಹಿಡಿದು ರಾಕೆಟ್ ಚಲನೆಯ ಮೇಲೆ ಪುಸ್ತಕವನ್ನೇ ಬರೆದ. ಪೊಲ್ಲಿಲೂರಿನ ಗೆಲುವಾಗಿ 33 ವರ್ಷಕ್ಕೆ. ನ್ಯೂಟನ್ನನ ಗ್ರಂಥ ಬಂದದ್ದು 1687ರಲ್ಲಿ. ಅಂದರೆ ಮೈಸೂರಿನ ಕಮ್ಮಾರ ಕೊಳವೆ ಬಡಿಯುತ್ತಿದ್ದಾಗ ಸೂತ್ರ ಆಗಲೇ ಜಗತ್ತಿನಲ್ಲಿತ್ತು. ಕೈಕೆಲಸ ಇಲ್ಲಿ, ಲೆಕ್ಕ ಅಲ್ಲಿ. ನಮ್ಮಲ್ಲಿ ಎಷ್ಟೋ ಜನ ಈಗ ಲೆಕ್ಕವನ್ನಷ್ಟೇ ಉರುಹೊಡೆದು, ಒಂದು ಕೊಳವೆಯನ್ನೂ ಬಡಿಯದೆ ಪಾಸಾಗುತ್ತಿದ್ದೇವೆ ಎಂಬುದು ಬೇರೆ ಮಾತು.

2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದ ಹತ್ತಿರ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್‌ಗಳು ಸಿಕ್ಕವು. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಶಿವಮೊಗ್ಗಕ್ಕೆ ಹೋಗಿ ಅವುಗಳ ಕೊಳವೆಯ ದಪ್ಪವನ್ನು ಕಣ್ಣಾರೆ ನೋಡಬೇಕು ಎಂದುಕೊಂಡಿದ್ದೇನೆ.